ಹುಣ್ಣು ವಾಸಿಯಾದ ಮೂವತ್ತು ವರ್ಷಗಳ ಮೇಲೆ

ಎಪ್ಪತ್ತು ದಾಟಿದ ಕೆಲವು ಹಿರಿಯರ ಹೊಟ್ಟೆಯ ಮೇಲೆ, ಎದೆಗೂಡು ಮುಗಿಯುವಲ್ಲಿಂದ ಹೊಕ್ಕುಳಿನತ್ತ ನೇರವಾಗಿ ಇಳಿದ ಹೊಲಿಗೆಯ ಗುರುತೊಂದು ಇರುತ್ತದೆ. ಕೇಳಿದರೆ ‘ಅದು ಆಗಿನ ಅಲ್ಸರ್ ಆಪರೇಷನ್ನು’ ಎಂದಷ್ಟೇ ಹೇಳಿ ಮಾತು ಮುಗಿಸುತ್ತಾರೆ. ಯಾವ ವರ್ಷ ಎಂಬುದು ನೆನಪಿದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಏನನ್ನು ಕತ್ತರಿಸಿದರು, ಏನನ್ನು ಎಲ್ಲಿಗೆ ಜೋಡಿಸಿದರು ಎಂಬುದು ಬಹುತೇಕರಿಗೆ ಅಂದೂ ಗೊತ್ತಿರಲಿಲ್ಲ. ನೋವು ಹೋಯಿತು, ಊಟ ಸೇರಿತು, ಮತ್ತೆ ಹೊಲಕ್ಕೋ ಅಂಗಡಿಗೋ ಹೋಗುವಂತಾಯಿತು. ಅಷ್ಟು ಸಾಕಾಗಿತ್ತು.

ಅವರ ಬದುಕು ಉಳಿಸಿದ ಆ ಶಸ್ತ್ರಚಿಕಿತ್ಸೆಯ ಬಗ್ಗೆ ದೂರು ಹೇಳಲು ನಾನು ಹೊರಟಿಲ್ಲ. ಹೇಳಬೇಕಾದ ಮಾತು ಬೇರೆ. ಒಂದು ಭಾಗವನ್ನು ಕಳೆದುಕೊಂಡ ಅಥವಾ ದಾರಿ ಬದಲಾದ ಜಠರ ಮತ್ತೆಂದೂ ಹಳೆಯ ಜಠರವಾಗುವುದಿಲ್ಲ. ಹದಿನೈದು, ಇಪ್ಪತ್ತು, ಕೆಲವೊಮ್ಮೆ ಮೂವತ್ತು ವರ್ಷಗಳ ನಂತರ ಅದರಲ್ಲಿ ಕ್ಯಾನ್ಸರ್ ಹುಟ್ಟುವುದುಂಟು. ಇದಕ್ಕೆ ವೈದ್ಯರು ಸ್ಟಂಪ್ ಕ್ಯಾನ್ಸರ್ ಎನ್ನುತ್ತಾರೆ. ಉಳಿಕೆ ಜಠರದ ಕ್ಯಾನ್ಸರ್ ಎಂದು ನಾವು ಕರೆಯಬಹುದು. ಬರುವುದು ಕೆಲವೇ ಜನರಿಗೆ. ಆದರೆ ಬಂದಾಗ ಅದರ ಮೊದಲ ಸೂಚನೆಗಳನ್ನು ‘ಆಪರೇಷನ್ ಆದ ಹೊಟ್ಟೆ, ಹೀಗೇ ಇರುತ್ತದೆ’ ಎಂದು ತಳ್ಳಿಹಾಕುವುದೇ ಹೆಚ್ಚು. ಆ ಒಂದು ಉದಾಸೀನವನ್ನು ತಪ್ಪಿಸಲೆಂದು ಇದನ್ನು ಬರೆಯುತ್ತಿದ್ದೇನೆ.

ಕಥೆ ಶುರುವಾಗುವುದು ವಿಯೆನ್ನಾದಲ್ಲಿ. 1879ರಲ್ಲಿ ಪ್ಯಾರಿಸ್ಸಿನ ಪೀಯನ್, ಮರುವರ್ಷ ಪೋಲೆಂಡಿನ ರಿಡಿಗಿಯರ್ ಜಠರದ ಕೆಳಭಾಗವನ್ನು ಕತ್ತರಿಸಿ ತೆಗೆಯಲು ಪ್ರಯತ್ನಿಸಿದ್ದರು. ಇಬ್ಬರ ರೋಗಿಗಳೂ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದರು. 1881ರ ಜನವರಿ 29ರಂದು ವಿಯೆನ್ನಾದಲ್ಲಿ ಥಿಯೋಡರ್ ಬಿಲ್‌ರೋಥ್ 43 ವರ್ಷದ ತೆರೇಸಾ ಹೆಲ್ಲರ್ ಎಂಬ ಮಹಿಳೆಯ ಜಠರದ ಕೆಳತುದಿಯ ಕ್ಯಾನ್ಸರನ್ನು ತೆಗೆದು, ಉಳಿದ ಜಠರವನ್ನು ಡ್ಯುಯೋಡಿನಮ್ ಎಂಬ ಸಣ್ಣ ಕರುಳಿನ ಮೊದಲ ತುಂಡಿಗೆ ಹೊಲಿದರು. ಆಕೆ ಚೇತರಿಸಿಕೊಂಡು ಊಟ ಮಾಡಿದರು. ಸುಮಾರು ನಾಲ್ಕು ತಿಂಗಳ ನಂತರ ಕ್ಯಾನ್ಸರ್ ಮರುಕಳಿಸಿ ತೀರಿಹೋದರೂ, ಜಠರವನ್ನು ಕತ್ತರಿಸಿಯೂ ಮನುಷ್ಯ ಬದುಕಬಲ್ಲ ಎಂಬುದು ಆ ದಿನ ಖಚಿತವಾಯಿತು. ಅದೇ ವರ್ಷ ಬಿಲ್‌ರೋಥ್ ಅವರ ಸಹಾಯಕ ವೋಲ್‌ಫ್ಲರ್, ಏನನ್ನೂ ಕತ್ತರಿಸಿ ತೆಗೆಯದೆ ಜಠರಕ್ಕೂ ಸಣ್ಣ ಕರುಳಿಗೂ ನಡುವೆ ಹೊಸ ಬಾಗಿಲೊಂದನ್ನು ತೆರೆದರು. ನಮ್ಮ ಆಸ್ಪತ್ರೆಗಳಲ್ಲಿ ಇಂದಿಗೂ ‘ಜಿಜೆ’ ಎಂದು ಕರೆಯುವ ಗ್ಯಾಸ್ಟ್ರೋಜೆಜುನಾಸ್ಟಮಿ ಅದೇ. 1885ರಲ್ಲಿ ಬಿಲ್‌ರೋಥ್ ಎರಡನ್ನೂ ಸೇರಿಸಿದರು: ಕೆಳಭಾಗವನ್ನು ತೆಗೆದು, ಡ್ಯುಯೋಡಿನಮ್ಮಿನ ಬಾಯಿ ಹೊಲಿದು ಮುಚ್ಚಿ, ಉಳಿದ ಜಠರವನ್ನು ಮುಂದಿನ ಕರುಳಿಗೆ ಜೋಡಿಸುವ ವಿಧಾನ. ಮೊದಲನೆಯದು ಬಿಲ್‌ರೋಥ್ ಒಂದು, ಇದು ಬಿಲ್‌ರೋಥ್ ಎರಡು. ಈ ಎರಡು ಹೆಸರುಗಳು ಮುಂದೆ ಮತ್ತೆ ಬರುತ್ತವೆ, ಏಕೆಂದರೆ ಯಾವ ಜೋಡಣೆ ಎಂಬುದರ ಮೇಲೆ ನಿಂತಿರುವ ವಿಷಯ ಬಹಳಷ್ಟಿದೆ.

ಕ್ಯಾನ್ಸರಿಗೆಂದು ಹುಟ್ಟಿದ ಈ ಶಸ್ತ್ರಚಿಕಿತ್ಸೆಗಳು ಇಪ್ಪತ್ತನೆಯ ಶತಮಾನದಲ್ಲಿ ಹೆಚ್ಚಾಗಿ ನಡೆದದ್ದು ಹುಣ್ಣಿಗೆ. 1943ರಲ್ಲಿ ಷಿಕಾಗೋದ ಲೆಸ್ಟರ್ ಡ್ರ್ಯಾಗ್‌ಸ್ಟೆಡ್ ಹುಣ್ಣಿನ ಚಿಕಿತ್ಸೆಗೆ ವೇಗಸ್ ನರವನ್ನು ಕತ್ತರಿಸುವ ಕ್ರಮವನ್ನು ಬಳಕೆಗೆ ತಂದರು. ಆಮ್ಲ ಸುರಿಸು ಎಂದು ಜಠರಕ್ಕೆ ಆಜ್ಞೆ ಕೊಡುವ ನರ ಅದು; ಕಡಿದರೆ ಆಮ್ಲ ತಗ್ಗುತ್ತದೆ. ಆದರೆ ಜಠರ ಖಾಲಿಯಾಗುವುದೂ ಅದೇ ನರದಿಂದಲೇ, ಹಾಗಾಗಿ ಜೊತೆಗೆ ಹೊಸ ಬಾಗಿಲು ತೆರೆಯಲೇಬೇಕು. ಹೀಗೆ ‘ವೆಗಾಟಮಿ, ಜಿಜೆ’ ಎಂಬ ಜೋಡಿ ಹೆಸರು ದಕ್ಷಿಣ ಭಾರತದ ಸರ್ಜರಿ ವಾರ್ಡುಗಳ ದಿನನಿತ್ಯದ ಮಾತಾಯಿತು.

ಇದರಲ್ಲಿ ಮೈಸೂರಿಗೆ ಒಂದು ಪಾಲಿದೆ. ಊರವರು ಮಿಷನ್ ಆಸ್ಪತ್ರೆ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1950 ಮತ್ತು 60ರ ದಶಕಗಳಲ್ಲಿ ಫ್ರ್ಯಾಂಕ್ ಟೋವಿ ಎಂಬ ಬ್ರಿಟಿಷ್ ಸರ್ಜನ್ ಕೆಲಸ ಮಾಡುತ್ತಿದ್ದರು. ಡ್ಯುಯೋಡಿನಮ್ ಹುಣ್ಣಿನ ರೋಗಿಗಳು ಇಲ್ಲಿ ಇಷ್ಟೊಂದು ಏಕೆ ಎಂಬ ಪ್ರಶ್ನೆ ಅವರನ್ನು ಜೀವನಪೂರ್ತಿ ಬಿಡಲಿಲ್ಲ. ಅನ್ನವೇ ಮುಖ್ಯ ಆಹಾರವಾದ ದಕ್ಷಿಣ ಮತ್ತು ಪೂರ್ವ ಭಾರತದಲ್ಲಿ ಈ ಹುಣ್ಣು ಹೆಚ್ಚು, ಗೋಧಿ ತಿನ್ನುವ ಉತ್ತರದ ಸೀಮೆಗಳಲ್ಲಿ ಕಡಿಮೆ ಎಂಬುದನ್ನು ಅವರು ಪಟ್ಟು ಹಿಡಿದು ದಾಖಲಿಸಿದರು. ಮುಂದೆ ಜಯರಾಜ್ ಎಂಬ ವಿಜ್ಞಾನಿಯೊಂದಿಗೆ ಸೇರಿ ಇಲಿಗಳ ಮೇಲೆ ಆಹಾರಗಳನ್ನು ಪರೀಕ್ಷಿಸಿದಾಗ, ನಮ್ಮ ಹುರುಳಿಕಾಳಿನ ಕೊಬ್ಬಿನಂಶದಲ್ಲಿ ಹುಣ್ಣಿನಿಂದ ರಕ್ಷಿಸುವ ಗುಣ ಕಂಡುಬಂತು. ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂದು ಸಾಬೀತಾದ ಮೇಲೂ ಟೋವಿ ಕೇಳುತ್ತಿದ್ದದ್ದು ನ್ಯಾಯವಾದ ಪ್ರಶ್ನೆಯೇ: ಆ ಬ್ಯಾಕ್ಟೀರಿಯಾ ಉತ್ತರ ದಕ್ಷಿಣವೆನ್ನದೆ ಬಹಳ ಜನರ ಹೊಟ್ಟೆಯಲ್ಲಿ ಇರುವಾಗ, ಹುಣ್ಣು ಮಾತ್ರ ಒಂದು ಕಡೆಗೆ ಏಕೆ ವಾಲುತ್ತದೆ?

ಆ ಕಾಲದ ರೋಗಿಯ ಸ್ಥಿತಿಯನ್ನು ಇಂದಿನವರು ಊಹಿಸಿಕೊಳ್ಳುವುದು ಕಷ್ಟ. ನಡುರಾತ್ರಿ ಎಬ್ಬಿಸಿ ಕೂರಿಸುವ ಹಸಿವಿನ ನೋವು. ಒಂದು ಲೋಟ ಹಾಲೋ ಚಿಟಿಕೆ ಅಡುಗೆ ಸೋಡಾವೋ ಕೊಡುವ ಕ್ಷಣದ ಸಮಾಧಾನ. ವರ್ಷಗಟ್ಟಲೆ ಹುಣ್ಣು ಮಾಯುತ್ತ ಮತ್ತೆ ಕೆರಳುತ್ತ ಗಾಯದ ಗಂಟು ಬೆಳೆದು, ಜಠರದ ಕೆಳಬಾಗಿಲು ಕಟ್ಟಿಕೊಳ್ಳುತ್ತಿತ್ತು. ಆಗ ನಿನ್ನೆ ಉಂಡದ್ದು ಇಂದು ವಾಂತಿಯಾಗಿ ಬರುತ್ತಿತ್ತು. ಎಲುಬಿನ ಹಂದರವಾಗಿ ಆಸ್ಪತ್ರೆಗೆ ಬಂದವರಿಗೆ ಚಾಕು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆಪರೇಷನ್ ಮಾಡಿಸಿಕೊಂಡವರು ಮೈ ತುಂಬಿಕೊಂಡು ಮನೆಗೆ ಮರಳಿದರು. ಇವತ್ತು ಕುಳಿತು ಆ ಸರ್ಜನ್ನರನ್ನು ಅಳೆಯುವವರು ಇದನ್ನು ಮರೆಯಬಾರದು.

ಆಮೇಲೆ ಎಲ್ಲವೂ ಬೇಗ ಬದಲಾಯಿತು. 1976ರಲ್ಲಿ ಬ್ರಿಟನ್ನಿನಲ್ಲಿ ಸಿಮೆಟಿಡೀನ್ ಮಾರುಕಟ್ಟೆಗೆ ಬಂತು, 1980ರ ದಶಕದ ಕೊನೆಗೆ ಒಮೆಪ್ರಜೋಲ್. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಹುಣ್ಣಿನ ಹಿಂದಿರುವ ಹೆಲಿಕೋಬ್ಯಾಕ್ಟರ್ ಪೈಲೋರಿಯನ್ನು ಗುರುತಿಸಿದರು. ನಂಬದವರನ್ನು ನಂಬಿಸಲು ಮಾರ್ಷಲ್ 1984ರಲ್ಲಿ ಅದನ್ನು ತಾವೇ ಕುಡಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಹುಣ್ಣಿನ ಆಪರೇಷನ್ ಇಂದು ಹುಣ್ಣು ತೂತಾದಾಗ, ನಿಲ್ಲದೆ ರಕ್ತ ಸುರಿದಾಗ ಅಥವಾ ದಾರಿ ಪೂರ್ತಿ ಕಟ್ಟಿದಾಗ ಮಾತ್ರ. ಹೀಗಾಗಿ ಹೊಸ ತಲೆಮಾರಿನ ವೈದ್ಯರಲ್ಲಿ ಅನೇಕರು ಬಿಲ್‌ರೋಥ್ ಎರಡನ್ನು ಪುಸ್ತಕದ ಚಿತ್ರದಲ್ಲಷ್ಟೇ ನೋಡಿದ್ದಾರೆ. ಆದರೆ ಆ ಜೋಡಣೆಯನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಓಡಾಡುತ್ತಿರುವವರು ಇನ್ನೂ ನಮ್ಮ ನಡುವೆ ಇದ್ದಾರೆ, ಅಪಾಯ ಏರುವ ವಯಸ್ಸಿನಲ್ಲೇ ಇದ್ದಾರೆ.

ಅಪಾಯದ ಮಾತು ಹೊಸದಲ್ಲ. ಹುಣ್ಣಿಗೆಂದು ಆಪರೇಷನ್ ಆದ ಜಠರದಲ್ಲಿ ಮುಂದೆ ಕ್ಯಾನ್ಸರ್ ಕಾಣಿಸಿಕೊಂಡದ್ದನ್ನು ಅಮೆರಿಕದ ಮೇಯೋ ಕ್ಲಿನಿಕ್ಕಿನ ಡೊನಾಲ್ಡ್ ಬಾಲ್ಫರ್ 1922ರಲ್ಲೇ ಬರೆದಿದ್ದರು. ಎಷ್ಟು ಅಪಾಯ ಎಂಬ ಬಗ್ಗೆ ಮಾತ್ರ ದಶಕಗಳ ಕಾಲ ಜಗ್ಗಾಟ ನಡೆಯಿತು. ಕೆಲವು ಅಧ್ಯಯನಗಳು ಅಪಾಯ ಹೆಚ್ಚು ಎಂದರೆ, ಇನ್ನು ಕೆಲವು ಏನೂ ಇಲ್ಲ ಎಂದವು. ಗೊಂದಲ ಬಿಡಿಸಿದ್ದು ಕಾಲದ ಲೆಕ್ಕ. 1990ರಲ್ಲಿ ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜಠರದ ಭಾಗ ತೆಗೆಸಿಕೊಂಡವರಲ್ಲಿ ಕ್ಯಾನ್ಸರಿನ ಸಾಧ್ಯತೆ ಸಾಮಾನ್ಯ ಜನರಿಗಿಂತ ಸರಾಸರಿ ಒಂದೂವರೆ ಪಟ್ಟಿಗೂ ತುಸು ಹೆಚ್ಚು ಎಂದು ತಿಳಿಯಿತು. ಆದರೆ ಆ ಸರಾಸರಿಯೊಳಗೆ ಎರಡು ಬೇರೆ ಬೇರೆ ಕಾಲಗಳು ಅಡಗಿದ್ದವು. ಆಪರೇಷನ್ನಿನ ನಂತರದ ಮೊದಲ ವರ್ಷಗಳಲ್ಲಿ ಅಪಾಯ ಇತರರಿಗಿಂತ ಕಡಿಮೆಯೇ. ಹದಿನೈದು ವರ್ಷ ದಾಟಿದ ಮೇಲೆ ಏರಲು ತೊಡಗಿ, ಮುಂದೆ ಏರುತ್ತಲೇ ಹೋಗುತ್ತದೆ. ಹತ್ತೇ ವರ್ಷ ನೋಡಿ ನಿಲ್ಲಿಸಿದ ಅಧ್ಯಯನಕ್ಕೆ ಏನೂ ಕಾಣದಿದ್ದುದು ಸಹಜ.

ಯಾವ ಹುಣ್ಣಿಗೆ ಆಪರೇಷನ್ ಆಗಿತ್ತು ಎಂಬುದೂ ಮುಖ್ಯ. ಜಠರದೊಳಗಿನ ಹುಣ್ಣು ಮತ್ತು ಡ್ಯುಯೋಡಿನಮ್ಮಿನ ಹುಣ್ಣು, ಎರಡನ್ನೂ ನಾವು ಅಲ್ಸರ್ ಎಂದೇ ಕರೆದರೂ, ಬೇರೆ ಬೇರೆ ಹೊಟ್ಟೆಗಳಿಂದ ಬರುತ್ತವೆ. ಡ್ಯುಯೋಡಿನಮ್ ಹುಣ್ಣಿನವರ ಜಠರದ ಮೇಲ್ಭಾಗ ಗಟ್ಟಿಮುಟ್ಟಾಗಿದ್ದು ಧಾರಾಳವಾಗಿ ಆಮ್ಲ ಸುರಿಸುತ್ತದೆ. ಇಂಥವರಿಗೆ ಜಠರದ ಕ್ಯಾನ್ಸರ್ ಮೊದಲಿನಿಂದಲೇ ಅಪರೂಪ. ಜಠರದ ಹುಣ್ಣಿನವರಲ್ಲಿ ಒಳಪದರ ಸವೆದು ಸೊರಗಿರುತ್ತದೆ. ಕ್ಯಾನ್ಸರಿಗೆ ಅರ್ಧ ದಾರಿ ಆಗಲೇ ಸವೆದಿರುತ್ತದೆ. ಆದ್ದರಿಂದ ಜಠರದ ಹುಣ್ಣಿಗೆ ಆಪರೇಷನ್ ಆದವರಲ್ಲಿ ಅಪಾಯ ಮೊದಲೇ ಶುರುವಾಗಿ ಹೆಚ್ಚು ಎತ್ತರಕ್ಕೆ ಏರುತ್ತದೆ. ಡ್ಯುಯೋಡಿನಮ್ ಹುಣ್ಣಿನವರಲ್ಲಿ ಎರಡು ದಶಕಗಳವರೆಗೆ ಅಪಾಯ ತಗ್ಗಿಯೇ ಇದ್ದು, ಆಮೇಲೆ ನಿಧಾನವಾಗಿ ತಲೆಯೆತ್ತುತ್ತದೆ. ನಮ್ಮ ಕಡೆಯ ಹೆಚ್ಚಿನವರು ಈ ಎರಡನೆಯ ಗುಂಪಿನವರು. ಏನನ್ನೂ ತೆಗೆಯದೆ ಬರೀ ಜಿಜೆ ಮಾಡಿಸಿಕೊಂಡವರ ಬಗ್ಗೆ ಸಿಗುವ ಪುರಾವೆ ಅಷ್ಟು ಏಕಸ್ವರದ್ದಲ್ಲ. ಆದರೂ ಅವರಲ್ಲಿಯೂ ಬಹಳ ವರ್ಷಗಳ ನಂತರ, ಜೋಡಣೆಯ ಬಳಿಯೇ ಕ್ಯಾನ್ಸರ್ ಕಂಡ ವರದಿಗಳಿವೆ.

ಹಾಗಾದರೆ ಜಠರದೊಳಗೆ ಆಗುವುದೇನು? ಜಠರದ ಕೆಳತುದಿಯಲ್ಲಿ ಪೈಲೋರಸ್ ಎಂಬ ಸ್ನಾಯುವಿನ ಬಾಗಿಲಿದೆ. ಕೆರೆಯ ತೂಬಿನ ಹಾಗೆ, ಬೇಕಾದಷ್ಟನ್ನೇ ಹೊರಬಿಟ್ಟು ಮುಚ್ಚಿಕೊಳ್ಳುವುದು ಅದರ ಕೆಲಸ. ಅದರಾಚೆ, ಡ್ಯುಯೋಡಿನಮ್ಮಿಗೆ ಪಿತ್ತರಸವೂ ಮೇದೋಜೀರಕ ಗ್ರಂಥಿಯ ರಸವೂ ಬಂದು ಸೇರುತ್ತವೆ. ಕೊಬ್ಬನ್ನು ಕರಗಿಸುವ, ಮಾಂಸವನ್ನು ಜೀರ್ಣಿಸುವ ಈ ರಸಗಳನ್ನು ತಾಳಿಕೊಳ್ಳುವ ಶಕ್ತಿ ಕರುಳಿನ ಒಳಪದರಕ್ಕಿದೆ, ಜಠರದ ಒಳಪದರಕ್ಕಿಲ್ಲ. ಪೈಲೋರಸ್ ಹೋದಾಗ ಅಥವಾ ಪಕ್ಕದಲ್ಲೇ ಇನ್ನೊಂದು ಬಾಗಿಲು ಸದಾ ತೆರೆದಿದ್ದಾಗ, ಪಿತ್ತ ಹಿಂದಕ್ಕೆ ಜಠರದೊಳಗೆ ಹರಿಯುತ್ತದೆ. ಹಗಲೂ ರಾತ್ರಿಯೂ, ವರ್ಷಾನುವರ್ಷ. ಒಳಪದರ ಸುಟ್ಟಂತಾಗಿ ಸವೆಯುತ್ತದೆ, ದೇಹ ಹೊಸ ಕೋಶಗಳನ್ನು ಹುಟ್ಟಿಸಿ ದುರಸ್ತಿ ಮಾಡುತ್ತದೆ, ಮತ್ತೆ ಸವೆಯುತ್ತದೆ. ಕೋಶ ಎಷ್ಟು ಸಲ ಒಡೆದು ಎರಡಾಗುತ್ತದೋ ಅಷ್ಟು ಸಲ ಅದರ ಬರವಣಿಗೆಯಲ್ಲಿ ತಪ್ಪು ನುಸುಳುವ ಅವಕಾಶ. ಜಠರದ ಪದರವೇ ಕರುಳಿನ ಪದರದ ರೂಪ ತಾಳುವುದು, ಆಮೇಲೆ ಕೋಶಗಳು ಶಿಸ್ತು ತಪ್ಪುವುದು, ಕೊನೆಗೆ ಕ್ಯಾನ್ಸರ್ ಆಗುವುದು: ಇದು ದಶಕಗಳ ಮೆಟ್ಟಿಲು.

ಇಲಿಗಳಲ್ಲಿ ಇದನ್ನು ನೇರವಾಗಿ ಕಂಡಿದ್ದಾರೆ. ಕ್ಯಾನ್ಸರ್ ತರುವ ಯಾವ ರಾಸಾಯನಿಕವನ್ನೂ ಕೊಡದೆ, ಪಿತ್ತ ಜಠರಕ್ಕೆ ಹರಿಯುವಂತೆ ಬರಿಯ ಜೋಡಣೆ ಮಾಡಿದಾಗಲೇ ಕೆಲವು ಇಲಿಗಳಲ್ಲಿ ಹೊಲಿಗೆಯ ಬಳಿ ಕ್ಯಾನ್ಸರ್ ಹುಟ್ಟಿತು. ಬಿಲ್‌ರೋಥ್ ಎರಡರಲ್ಲಿ ಅಪಾಯ ಒಂದಕ್ಕಿಂತ ಹೆಚ್ಚು ಎಂಬುದಕ್ಕೆ ಬಹುಶಃ ಇದೇ ಕಾರಣ, ಅಲ್ಲಿ ಪಿತ್ತ ಹರಿದು ಬರುವುದೇ ಜಠರದ ಬಾಗಿಲ ಮುಂದೆ. ಪಿತ್ತ ಸೇರುವ ಜಾಗವನ್ನು ಕರುಳಿನಲ್ಲಿ ಸಾಕಷ್ಟು ಕೆಳಕ್ಕೆ ಇಳಿಸುವ ‘ರೂ’ ವಿಧಾನವನ್ನು ಇಂದಿನ ಅನೇಕ ಸರ್ಜನ್ನರು ಆಯ್ದುಕೊಳ್ಳುವುದರ ಹಿಂದೆಯೂ ಪಿತ್ತವನ್ನು ದೂರ ಇಡುವ ಯೋಚನೆಯೇ ಇದೆ. ಸ್ವಿಟ್ಜರ್ಲೆಂಡಿನ ಸೀಸರ್ ರೂ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ.

ಪಿತ್ತದ ಜೊತೆಗೆ ಇನ್ನೊಂದು ಕಾರಣವೂ ಸೇರುತ್ತದೆ. ಆಮ್ಲ ಎಂದರೆ ಬರೀ ಕಾಟ ಎಂದು ಭಾವಿಸಿದ್ದೇವೆ. ಅದು ಕಾವಲೂ ಹೌದು. ಆಮ್ಲ ತಗ್ಗಿದ ಜಠರದಲ್ಲಿ ಸಾಮಾನ್ಯವಾಗಿ ಬದುಕಲಾರದ ಬ್ಯಾಕ್ಟೀರಿಯಾಗಳು ಬೀಡುಬಿಡುತ್ತವೆ. ಆಹಾರದಲ್ಲಿನ ನೈಟ್ರೇಟನ್ನು ಅವು ನೈಟ್ರೈಟ್ ಮಾಡುತ್ತವೆ, ಅದರಿಂದ ಹುಟ್ಟುವ ನೈಟ್ರೋಸೋ ಸಂಯುಕ್ತಗಳಿಗೆ ಕ್ಯಾನ್ಸರ್ ತರುವ ಗುಣವಿದೆ. ಬೀಡಿ ಸಿಗರೇಟು ಸೇದುವವರಲ್ಲಿ ಇದೆಲ್ಲದರ ಮೇಲೆ ಇನ್ನೊಂದು ಹೊರೆ. ಹುಣ್ಣು ಬಂದವರಲ್ಲಿ ಬೀಡಿ ಸೇದುವವರು ಎಷ್ಟಿದ್ದರು ಎಂಬುದು ಆ ಕಾಲದ ಮನೆಗಳಿಗೆ ಗೊತ್ತಿರುವ ಸಂಗತಿಯೇ.

ಈ ಕ್ಯಾನ್ಸರಿನ ಬಗೆಗಳ ವಿಷಯಕ್ಕೆ ಬರೋಣ. ಹೆಚ್ಚಿನವು ಜಠರದ ಒಳಪದರದ ಗ್ರಂಥಿಕೋಶಗಳಿಂದ ಹುಟ್ಟುವ ಅಡಿನೋಕಾರ್ಸಿನೋಮಾಗಳು. ಫಿನ್ಲೆಂಡಿನ ಪೆಕ್ಕಾ ಲಾರೆನ್ 1965ರಲ್ಲಿ ಜಠರದ ಕ್ಯಾನ್ಸರನ್ನು ಎರಡು ಮುಖ್ಯ ಕುಲಗಳಾಗಿ ವಿಂಗಡಿಸಿದರು. ಆ ವಿಂಗಡಣೆ ಇಂದಿಗೂ ಬಯಾಪ್ಸಿ ವರದಿಗಳಲ್ಲಿ ಉಳಿದಿದೆ. ಒಂದು, ಕರುಳಿನ ಗ್ರಂಥಿಗಳನ್ನು ಹೋಲುವ ರಚನೆ ಕಟ್ಟಿಕೊಂಡು ಗಡ್ಡೆಯಾಗಿ ಬೆಳೆಯುವುದು. ಇನ್ನೊಂದು, ಯಾವ ರಚನೆಯನ್ನೂ ಕಟ್ಟದೆ ಒಂಟಿ ಒಂಟಿ ಕೋಶಗಳಾಗಿ ಜಠರದ ಗೋಡೆಯೊಳಗೆ ಹರಡಿಕೊಳ್ಳುವುದು. ಎರಡನೆಯದರ ಕೋಶಗಳಲ್ಲಿ ಲೋಳೆ ತುಂಬಿ ನ್ಯೂಕ್ಲಿಯಸ್ಸು ಅಂಚಿಗೆ ಒತ್ತಿಕೊಂಡಿದ್ದರೆ ಅದನ್ನು ಸಿಗ್ನೆಟ್ ರಿಂಗ್ ಕೋಶ, ಅಂದರೆ ಮುದ್ರೆಯುಂಗುರದಂಥ ಕೋಶ ಎನ್ನುತ್ತಾರೆ. ಉಳಿಕೆ ಜಠರದಲ್ಲಿ ಎರಡೂ ಕುಲಗಳು ಕಾಣಸಿಗುತ್ತವೆ. ಗೋಡೆಯೊಳಗೆ ಹರಡುವ ಬಗೆ ಎಂಡೋಸ್ಕೋಪಿಯಲ್ಲಿ ಸುಲಭಕ್ಕೆ ಕಣ್ಣಿಗೆ ಬೀಳದಿರುವುದರಿಂದ ಅದರ ಭಯ ನನಗೆ ಹೆಚ್ಚು.

ಎಲ್ಲಿ ಹುಟ್ಟುತ್ತದೆ ಎಂಬುದರಲ್ಲೂ ಒಂದು ಸುಳಿವಿದೆ. ಹುಣ್ಣಿಗೆಂದು ಆಪರೇಷನ್ ಆದವರಲ್ಲಿ ಕ್ಯಾನ್ಸರ್ ಹೆಚ್ಚಾಗಿ ಏಳುವುದು ಹೊಲಿಗೆಯ ಅಂಚಿನಲ್ಲಿ, ಜಠರದ ಕಡೆಯ ಪದರದಲ್ಲಿ, ಪಿತ್ತ ನೇರವಾಗಿ ಬಡಿಯುವ ಜಾಗದಲ್ಲಿ. ಅಲ್ಲಿ ಎಷ್ಟೋ ಸಲ ಒಳಪದರ ಉಬ್ಬಿ, ಅದರ ಗ್ರಂಥಿಗಳು ಗುಳ್ಳೆಗಳಾಗಿ ಗೋಡೆಯೊಳಕ್ಕೆ ಇಳಿದಿರುತ್ತವೆ. ಕ್ಯಾನ್ಸರಿನ ನೆರೆಯಲ್ಲಿ ಈ ಬದಲಾವಣೆ ಮತ್ತೆ ಮತ್ತೆ ಕಂಡುಬಂದಿದೆ. ಮೊದಲ ಆಪರೇಷನ್ನೇ ಕ್ಯಾನ್ಸರಿಗಾಗಿದ್ದರೆ ಲೆಕ್ಕ ಬೇರೆ. ಅಂಥವರಲ್ಲಿ ಎರಡನೆಯ ಕ್ಯಾನ್ಸರ್ ಹೊಲಿಗೆಯಿಂದ ದೂರ, ಮೇಲ್ಭಾಗದಲ್ಲಿಯೂ ಹುಟ್ಟುತ್ತದೆ, ಇಪ್ಪತ್ತು ಮೂವತ್ತು ವರ್ಷ ಕಾಯುವುದೂ ಇಲ್ಲ. ಮೊದಲನೆಯದನ್ನು ಹುಟ್ಟಿಸಿದ ಸೊರಗಿದ ಒಳಪದರವೇ ಉಳಿದ ಭಾಗದಲ್ಲಿಯೂ ಹಾಸಿಕೊಂಡಿರುತ್ತದೆ. ಜಪಾನ್, ಕೊರಿಯಾಗಳಲ್ಲಿ ಜಠರದ ಕ್ಯಾನ್ಸರನ್ನು ಆರಂಭದಲ್ಲೇ ಹಿಡಿದು ಗುಣಪಡಿಸುವುದು ಹೆಚ್ಚಿದಂತೆ, ಗುಣವಾಗಿ ದೀರ್ಘಕಾಲ ಬದುಕಿದವರ ಉಳಿಕೆ ಜಠರದ ಕ್ಯಾನ್ಸರ್ ಅಲ್ಲಿನ ಮುಖ್ಯ ಚಿಂತೆಯಾಗಿದೆ. ಹುಣ್ಣಿನ ಆಪರೇಷನ್ನಾಗಿ ಐದು ವರ್ಷ ಕಳೆದ ಮೇಲೆ ಬಂದರೆ ಮಾತ್ರ ಈ ಹೆಸರು ಎಂಬ ಹಳೆಯ ಗೆರೆಯನ್ನು ಅಲ್ಲಿನವರು ಅಳಿಸಿ, ಉಳಿಕೆ ಜಠರದಲ್ಲಿ ಬಂದ ಎಲ್ಲವನ್ನೂ ಒಟ್ಟಿಗೆ ಎಣಿಸುವುದು ಈ ಕಾರಣಕ್ಕೆ.

ಇನ್ನೊಂದು ಬಗೆ ನಿಜಕ್ಕೂ ಬೆರಗು ಹುಟ್ಟಿಸುವಂಥದ್ದು. 1964ರಲ್ಲಿ ಆಂಥನಿ ಎಪ್‌ಸ್ಟೀನ್ ಮತ್ತು ಇವೊನ್ ಬಾರ್ ಆಫ್ರಿಕಾದ ಮಕ್ಕಳ ದವಡೆಯ ಗಡ್ಡೆಯಲ್ಲಿ ಪತ್ತೆಹಚ್ಚಿದ ವೈರಸ್ಸು ನಮ್ಮಲ್ಲಿ ಬಹುತೇಕ ಎಲ್ಲರ ಮೈಯಲ್ಲೂ ಸದ್ದಿಲ್ಲದೆ ಇರುತ್ತದೆ. ಜಠರದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 10ರ ಕೋಶಗಳೊಳಗೆ ಈ ವೈರಸ್ ಕೂತಿರುತ್ತದೆ. ಉಳಿಕೆ ಜಠರದ ಕ್ಯಾನ್ಸರಿನಲ್ಲಿ ಆ ಪಾಲು ಸುಮಾರು ನೂರಕ್ಕೆ 25ರಿಂದ 30. ಪಿತ್ತದಿಂದ ಸದಾ ಕೆರಳಿದ ಪದರಕ್ಕೆ ಬಿಳಿರಕ್ತಕಣಗಳು ಧಾವಿಸುತ್ತವೆ. ವೈರಸ್ ಅಡಗಿರುವುದೂ ಆ ಕಣಗಳಲ್ಲೇ. ಹಾಗೆ ಅದು ಪದರದ ಕೋಶಗಳಿಗೆ ದಾಟುತ್ತದೆ ಎಂಬುದು ಒಂದು ವಿವರಣೆ. 2014ರಲ್ಲಿ ಅಮೆರಿಕದ ಕ್ಯಾನ್ಸರ್ ಜೀನೋಮ್ ಯೋಜನೆ ಜಠರದ ಕ್ಯಾನ್ಸರನ್ನು ಅಣುಮಟ್ಟದಲ್ಲಿ ನಾಲ್ಕಾಗಿ ವಿಂಗಡಿಸಿದಾಗ ಈ ವೈರಸ್ಸಿನದಕ್ಕೆ ಪ್ರತ್ಯೇಕ ಸ್ಥಾನವೇ ಸಿಕ್ಕಿತು. ಇದು ಪಂಡಿತರ ಕುತೂಹಲವಷ್ಟೇ ಅಲ್ಲ. ರೋಗನಿರೋಧಕ ಕಣಗಳು ದಟ್ಟವಾಗಿ ಮುತ್ತಿರುವ ಈ ಬಗೆಯಲ್ಲಿ ಫಲಿತಾಂಶ ಒಟ್ಟಾರೆ ಉತ್ತಮ, ಹೊಸ ಇಮ್ಯುನೋಥೆರಪಿ ಔಷಧಿಗಳಿಗೆ ಸ್ಪಂದಿಸುವ ಸಾಧ್ಯತೆಯೂ ಹೆಚ್ಚು. ಆದ್ದರಿಂದ ಉಳಿಕೆ ಜಠರದ ಕ್ಯಾನ್ಸರ್ ಎಂದು ಗೊತ್ತಾದಾಗ, ಬಯಾಪ್ಸಿಯ ಮೇಲೆ ಈ ವೈರಸ್ಸಿನ ಪರೀಕ್ಷೆಯನ್ನೂ ಮಾಡಿಸಬಹುದೇ ಎಂದು ರೋಗಿಯ ಕಡೆಯವರು ಕೇಳುವುದರಲ್ಲಿ ತಪ್ಪೇನಿಲ್ಲ. ದುಗ್ಧಕೋಶಗಳ ಲಿಂಫೋಮಾ, ನ್ಯೂರೋಎಂಡೋಕ್ರೈನ್ ಗಡ್ಡೆಗಳೂ ಉಳಿಕೆ ಜಠರದಲ್ಲಿ ಬರುವುದುಂಟು, ಆದರೆ ತೀರಾ ಅಪರೂಪ.

ಈಗ ಲಕ್ಷಣಗಳು. ಕಷ್ಟ ಇರುವುದೇ ಇಲ್ಲಿ. ಆಪರೇಷನ್ನಾದ ಜಠರದವರಿಗೆ ಊಟವಾದ ಕೂಡಲೇ ಎದೆ ಡವಗುಟ್ಟಿ ಬೆವರುವುದು, ಬೆಳಗಿನ ಹೊತ್ತು ಹಸಿರು ಹಳದಿ ಪಿತ್ತ ವಾಂತಿಯಾಗುವುದು, ಸ್ವಲ್ಪ ತಿಂದರೆ ಹೊಟ್ಟೆ ತುಂಬುವುದು ಹೊಸದಲ್ಲ. ರಕ್ತಹೀನತೆಯೂ ಹೊಸದಲ್ಲ: ಕಬ್ಬಿಣ ಹೀರುವ ಡ್ಯುಯೋಡಿನಮ್ ಎಷ್ಟೋ ಸಲ ಆಹಾರದ ದಾರಿಯಿಂದ ಹೊರಗುಳಿದಿರುತ್ತದೆ, ಬಿ12 ಹೀರಲು ಜಠರದಿಂದ ಬರಬೇಕಾದ ನೆರವು ಕುಗ್ಗಿರುತ್ತದೆ. ಹೀಗಾಗಿ ಅರವತ್ತೈದರ ಅಜ್ಜನ ಹಿಮೋಗ್ಲೋಬಿನ್ ಇಳಿದಾಗ ಮನೆಯವರೂ ಕೆಲವೊಮ್ಮೆ ವೈದ್ಯರೂ ಕಬ್ಬಿಣದ ಮಾತ್ರೆ ಕೊಟ್ಟು ಸುಮ್ಮನಾಗುತ್ತಾರೆ. ಉಳಿಕೆ ಜಠರದ ಕ್ಯಾನ್ಸರ್ ಹನಿ ಹನಿಯಾಗಿ ರಕ್ತ ಕಳೆಯುವುದೂ ಹೀಗೇ, ಯಾರ ಗಮನಕ್ಕೂ ಬಾರದೆ. ಮಾತ್ರೆ ತಿಂದರೂ ಏರದ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ಟಾರಿನಂತೆ ಕಪ್ಪಾದ ಮಲ, ನುಂಗುವಾಗ ತಡೆ, ವರ್ಷಗಳಿಂದ ಒಗ್ಗಿಹೋಗಿದ್ದ ಹೊಟ್ಟೆಯಲ್ಲಿ ಹೊಸದಾಗಿ ಶುರುವಾದ ಯಾವುದೇ ತೊಂದರೆ: ಇವುಗಳಲ್ಲಿ ಒಂದು ಕಂಡರೂ ಎಂಡೋಸ್ಕೋಪಿ ಆಗಬೇಕು. ಹಳೆಯ ಆಪರೇಷನ್ ಎಂಬುದು ಪರೀಕ್ಷೆ ಬೇಡ ಎನ್ನಲು ನೆಪವಾಗಬಾರದು. ಬೇಕೇ ಬೇಕು ಎನ್ನಲು ಅದೇ ಕಾರಣ.

ಲಕ್ಷಣವೇ ಇಲ್ಲದವರು ಏನು ಮಾಡಬೇಕು? ಎಲ್ಲರಿಗೂ ಒಂದೇ ಕಾಲಪಟ್ಟಿಯನ್ನು ಜಗತ್ತಿನ ವೈದ್ಯ ಸಂಘಗಳು ಒಮ್ಮತದಿಂದ ಹಾಕಿಕೊಟ್ಟಿಲ್ಲ. ಹುಣ್ಣಿಗೆ ಜಠರದ ಭಾಗ ತೆಗೆಸಿಕೊಂಡವರಿಗೆ ಹದಿನೈದರಿಂದ ಇಪ್ಪತ್ತು ವರ್ಷಗಳ ನಂತರ ಎಂಡೋಸ್ಕೋಪಿಯ ಬಗ್ಗೆ ಯೋಚಿಸಿ ಎಂಬುದು ಪರಿಣತರಲ್ಲಿ ಅನೇಕರ ಸಲಹೆ. ನನ್ನ ಮಟ್ಟಿಗೆ, ಜಠರದ ಹುಣ್ಣಿಗೆ ಆಪರೇಷನ್ ಆದವರು, ಬಿಲ್‌ರೋಥ್ ಎರಡು ಆದವರು, ಮನೆತನದಲ್ಲಿ ಜಠರದ ಕ್ಯಾನ್ಸರ್ ಇರುವವರು ಒಮ್ಮೆಯಾದರೂ ನೋಡಿಸಿಕೊಳ್ಳುವುದು ಒಳ್ಳೆಯದು. ಮುಂದಿನದು ಎಷ್ಟು ವರ್ಷಕ್ಕೆ ಎಂಬುದನ್ನು ಆಗ ತೆಗೆದ ಬಯಾಪ್ಸಿ ಹೇಳುತ್ತದೆ. ಕ್ಯಾನ್ಸರಿಗೆ ಆಪರೇಷನ್ ಆದವರಿಗಂತೂ ತಮ್ಮ ಆಸ್ಪತ್ರೆ ಕೊಟ್ಟ ತಪಾಸಣೆಯ ದಿನಗಳನ್ನು ತಪ್ಪಿಸುವ ಸ್ವಾತಂತ್ರ್ಯವೇ ಇಲ್ಲ.

ಎಂಡೋಸ್ಕೋಪಿ ಮಾಡುವವರಿಗೆ ಹಳೆಯ ಆಪರೇಷನ್ನಿನ ವಿಷಯವನ್ನು ಮೊದಲೇ ಹೇಳಬೇಕು. ಆಪರೇಷನ್ನಾದ ಜಠರ ನಿಧಾನವಾಗಿ ಖಾಲಿಯಾಗುವುದರಿಂದ ಹೆಚ್ಚು ಹೊತ್ತಿನ ಉಪವಾಸ ಬೇಕಾಗಬಹುದು. ಪಿತ್ತದ ಮಡು ಹೀರಿ ತೆಗೆಯಬೇಕು. ಹೊಲಿಗೆಯ ಸುತ್ತಣ ಮಡಿಕೆಗಳನ್ನು ಬಿಡಿಸಿ ನೋಡಬೇಕು. ಕಣ್ಣಿಗೆ ಸರಿಯಾಗಿಯೇ ಕಂಡರೂ ಹೊಲಿಗೆಯ ಅಂಚಿನಿಂದಲೂ ಉಳಿದ ಭಾಗದಿಂದಲೂ ಹಲವು ಚೂರುಗಳನ್ನು ಬಯಾಪ್ಸಿಗೆ ತೆಗೆಯುವುದು ಒಳಿತು. ಯಾವ ಆಪರೇಷನ್ ಎಂದು ನೆನಪಿಲ್ಲದವರೂ ಹಿಂಜರಿಯಬೇಕಿಲ್ಲ. ಪೈಲೋರಸ್ ಇದ್ದು ಪಕ್ಕದಲ್ಲಿ ಇನ್ನೊಂದು ಬಾಗಿಲಿದ್ದರೆ ಜಿಜೆ, ಪೈಲೋರಸ್ಸೇ ಇಲ್ಲದೆ ಕರುಳಿನ ಎರಡು ಬಾಯಿಗಳು ಕಂಡರೆ ಬಿಲ್‌ರೋಥ್ ಎರಡು, ನೋಡುವವರು ಗುರುತಿಸಬಲ್ಲರು. ಅದೇ ಹೊತ್ತಿನಲ್ಲಿ ಹೆಲಿಕೋಬ್ಯಾಕ್ಟರ್ ಇದೆಯೇ ಎಂದೂ ನೋಡಿಸಬೇಕು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇದನ್ನು ಮನುಷ್ಯರಲ್ಲಿ ಖಚಿತವಾಗಿ ಕ್ಯಾನ್ಸರ್ ತರುವ ಕಾರಣಗಳ ಮೊದಲ ಗುಂಪಿಗೆ ಸೇರಿಸಿತು. ಪಿತ್ತ ತುಂಬಿದ ಜಠರದಲ್ಲಿ ಅದು ಎಷ್ಟೋ ಸಲ ತಾನಾಗಿಯೇ ಅಳಿದಿರುತ್ತದೆ. ಇದ್ದರೆ ಮಾತ್ರ ಎರಡು ವಾರಗಳ ಮಾತ್ರೆಯಲ್ಲಿ ತೆಗೆದುಹಾಕಬಹುದು. ಆರಂಭದ ಕ್ಯಾನ್ಸರನ್ನು ಎಂಡೋಸ್ಕೋಪಿಯಲ್ಲೇ ಸುಲಿದು ತೆಗೆಸಿಕೊಂಡವರಲ್ಲಿ ಈ ಬ್ಯಾಕ್ಟೀರಿಯಾವನ್ನು ಕೊಂದಾಗ, ಮತ್ತೆ ಕ್ಯಾನ್ಸರ್ ಬರುವುದು ಅರ್ಧದಷ್ಟಕ್ಕೋ ಅದಕ್ಕಿಂತ ಕೆಳಕ್ಕೋ ಇಳಿದದ್ದನ್ನು ಜಪಾನ್ ಮತ್ತು ಕೊರಿಯಾದ ಪ್ರಯೋಗಗಳು ತೋರಿಸಿವೆ.

ಕ್ಯಾನ್ಸರ್ ಎಂದೇ ಗೊತ್ತಾದರೆ? ಒಳಪದರಕ್ಕಷ್ಟೇ ಸೀಮಿತವಾಗಿದ್ದರೆ ಹೊಟ್ಟೆ ತೆರೆಯದೆ ಎಂಡೋಸ್ಕೋಪಿಯಿಂದಲೇ ಸುಲಿದು ತೆಗೆಯಬಹುದು, ಆದರೆ ಹೊಲಿಗೆಯ ಬಳಿಯ ಗಾಯದ ಗಂಟಿನಲ್ಲಿ ಅದು ಬಹಳ ನುರಿತ ಕೈಯ ಕೆಲಸ. ಆಳಕ್ಕಿಳಿದಿದ್ದರೆ ಉಳಿದ ಜಠರವನ್ನೂ ತೆಗೆದು ಅನ್ನನಾಳವನ್ನು ಕರುಳಿಗೆ ಜೋಡಿಸಬೇಕು. ಹಳೆಯ ಆಪರೇಷನ್ನಿನಿಂದ ಅಂಗಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ದುಗ್ಧದ ಹಾದಿಗಳೂ ಬದಲಾಗಿರುತ್ತವೆ. ಮೊದಲಿನ ಕಾಲುವೆಗಳು ಕತ್ತರಿಸಿಹೋಗಿ, ಕ್ಯಾನ್ಸರ್ ಗುಲ್ಮದ ಕಡೆಗೂ, ಜೋಡಿಸಿದ ಕರುಳಿನ ಪೊರೆಯೊಳಗಿನ ಗ್ರಂಥಿಗಳಿಗೂ ಹರಡಬಹುದು. ಸರ್ಜನ್ ಅವುಗಳನ್ನೂ ಹುಡುಕಿ ತೆಗೆಯಬೇಕಾಗುತ್ತದೆ. ಇದನ್ನು ಮಾಡಿ ಅಭ್ಯಾಸವಿರುವ ದೊಡ್ಡ ಕೇಂದ್ರಕ್ಕೇ ಹೋಗುವುದು ಲೇಸು. ಹೀಗಿದ್ದರೂ ನಿರಾಸೆಗೆ ಕಾರಣವಿಲ್ಲ: ಒಂದೇ ಹಂತದಲ್ಲಿ ಸಿಕ್ಕಿ ಪೂರ್ತಿ ತೆಗೆಯಲು ಸಾಧ್ಯವಾದರೆ, ಇದರ ಫಲಿತಾಂಶ ಸಾಮಾನ್ಯ ಜಠರದ ಕ್ಯಾನ್ಸರಿನದಕ್ಕಿಂತ ಕೆಟ್ಟದ್ದೇನಲ್ಲ. ತಡವಾಗಿ ಸಿಗುವುದರಿಂದಲೇ ಇದಕ್ಕೆ ಕೆಟ್ಟ ಹೆಸರು. ಜಠರ ಪೂರ್ತಿ ಹೋದವರಿಗೆ ಬಿ12 ಇಂಜೆಕ್ಷನ್ ಜೀವನಪೂರ್ತಿ ಬೇಕು, ಊಟ ಸಣ್ಣ ಸಣ್ಣ ಪಾಲಾಗಬೇಕು, ಆದರೆ ಬದುಕಬಹುದು.

ಹುಣ್ಣಿನ ಆಪರೇಷನ್ನುಗಳು ಬಹುತೇಕ ನಿಂತಿವೆ, ಆದರೆ ಜಠರವನ್ನು ಮುಟ್ಟುವ ಇನ್ನೊಂದು ಬಗೆಯ ಆಪರೇಷನ್ನು ಬೆಳೆಯುತ್ತಿದೆ. ಬೊಜ್ಜು ಇಳಿಸಲು, ಸಕ್ಕರೆ ಕಾಯಿಲೆ ಹತೋಟಿಗೆ ತರಲು ಬೆಂಗಳೂರು, ಮಂಗಳೂರು, ಹುಬ್ಬಳ್ಳಿಯ ಆಸ್ಪತ್ರೆಗಳಲ್ಲೂ ಜಠರವನ್ನು ಕೊಳವೆಯಂತೆ ಕಿರಿದುಗೊಳಿಸುತ್ತಾರೆ ಅಥವಾ ಬೈಪಾಸ್ ಮಾಡುತ್ತಾರೆ. ಇವರ ಒಟ್ಟಾರೆ ಕ್ಯಾನ್ಸರ್ ಅಪಾಯ ಬೊಜ್ಜು ಇಳಿದ ಕಾರಣ ತಗ್ಗುತ್ತದೆ ಎನ್ನುವ ಪುರಾವೆ ಚೆನ್ನಾಗಿದೆ, ಹೆದರಿಸುವುದು ನನ್ನ ಉದ್ದೇಶವಲ್ಲ. ಆದರೆ ಬೈಪಾಸಿನಲ್ಲಿ ಜಠರದ ಬಹುಭಾಗ ಒಳಗೇ ಉಳಿದು ಅನ್ನದ ದಾರಿಯಿಂದ ಹೊರಗಾಗುತ್ತದೆ, ಅಲ್ಲಿಗೆ ಸಾಮಾನ್ಯ ಎಂಡೋಸ್ಕೋಪ್ ತಲುಪಲಾರದು. ಒಂದೇ ಜೋಡಣೆಯ ಬೈಪಾಸಿನಲ್ಲಿ ಪಿತ್ತ ಜಠರಕ್ಕೆ ಮರಳುವ ಹಳೆಯ ಪ್ರಶ್ನೆಯನ್ನು ಸರ್ಜನ್ನರೇ ತಮ್ಮ ಸಭೆಗಳಲ್ಲಿ ಚರ್ಚಿಸುತ್ತಿದ್ದಾರೆ. ಮೂವತ್ತರ ಹರೆಯದಲ್ಲಿ ಇದನ್ನು ಮಾಡಿಸಿಕೊಂಡವರಿಗೆ ಮುಂದೆ ನಲವತ್ತು ವರ್ಷಗಳ ಬದುಕಿದೆ. ಆಪರೇಷನ್ನಿಗೆ ಮೊದಲೇ ಎಂಡೋಸ್ಕೋಪಿ ಮಾಡಿಸಿ, ಹೆಲಿಕೋಬ್ಯಾಕ್ಟರ್ ಇದ್ದರೆ ಗುಣಪಡಿಸಿಕೊಂಡು ಹೋಗುವುದು ಒಳ್ಳೆಯದು. ಡಿಸ್ಚಾರ್ಜ್ ದಿನ ಬಿಲ್ಲಿನ ಜೊತೆಗೆ ಆಪರೇಷನ್ ಟಿಪ್ಪಣಿಯ ಪ್ರತಿಯನ್ನೂ ಕೇಳಿ ಪಡೆಯಬೇಕು: ಯಾವ ಭಾಗ ತೆಗೆದರು, ಯಾವುದನ್ನು ಯಾವುದಕ್ಕೆ ಜೋಡಿಸಿದರು, ಯಾವ ದಿನಾಂಕ. ಅದನ್ನು ಮನೆಯ ಪತ್ರಗಳ ಜೊತೆಗೆ ಇಟ್ಟು, ಇಟ್ಟ ಜಾಗವನ್ನು ಮಕ್ಕಳಿಗೂ ಹೇಳಬೇಕು.